ಬಾಗಿನ ತಿರುಗಿ ಬಂದ ಹೊಳೆ

ಆ ಕಾಲಕ್ಕೆ ಕಂಪ್ಲಿಯ ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ. ದೊಡ್ಡ ನೀರು ಎಂದರೆ ನಮಗೆ ಹೊಸಪೇಟೆಯ ಡ್ಯಾಮು. ಮಳೆಗಾಲದಲ್ಲಿ ಅಲ್ಲಿ ಏಳುವ ತೆರೆ ನೋಡಿ ಬಂದವರು ವಾರಗಟ್ಟಲೆ ಅದನ್ನೇ ಹೇಳುತ್ತಿದ್ದರು. ಹಾಗಾಗಿ ದಸರಾ ರಜೆಯಲ್ಲಿ ಅಜ್ಜಿ ನನ್ನನ್ನು ಸಮುದ್ರದ ಊರಿಗೆ ಕರೆದೊಯ್ಯುತ್ತಾಳೆ ಎಂದು ಗೊತ್ತಾದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಜ್ಜಿ, ಸಮುದ್ರಕ್ಕ ಆಚಿ ದಂಡೀನ ಇಲ್ಲಂತ, ಹೌದಾ? ಮತ್ತ ನೀರು ಎಲ್ಲಿಗೆ ಹೋಗಿ ನಿಲ್ತೈತಿ?"

"ಸುಮ್ನ ಕುಂದ್ರು. ನಾವೇನು ಸಮುದ್ರ ನೋಡಾಕ ಹೊಂಟಿಲ್ಲ."

ನಿಜ, ಅಜ್ಜಿ ಹೊರಟಿದ್ದು ಗೌರತ್ತೆಯನ್ನು ಕರೆತರಲು. ಗೌರತ್ತೆ ನಮ್ಮಪ್ಪನ ತಂಗಿ, ಅಜ್ಜಿಯ ಕೊನೆಯ ಮಗಳು. ಕುಮಟಾದ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿದ್ದ ಸಣ್ಣ ಊರೊಂದರ ಶಾಲೆಗೆ ಟೀಚರಾಗಿ ಹೋಗಿದ್ದಳು. "ಇಲ್ಲೇ ಚಲೋ ಐತಿ, ಈ ಸಲ ನೀವೇ ಬರ್ರಿ" ಎಂದು ಫೋನು ಮಾಡಿ ದಸರಾಕ್ಕೂ ಮನೆಗೆ ಬರಲಿಲ್ಲ. ಅಜ್ಜಿಗೆ ಅಷ್ಟು ಸಾಕಾಯಿತು. "ಆಕಿಗೆ ಊರು ಬ್ಯಾಡಾಗೈತಿ. ನೌಕರಿ ಬಿಡಿಸಿ ಕರ್ಕೊಂಡ ಬರ್ತೀನಿ" ಎಂದಳು. ನಮ್ಮದು ಅಕ್ಕಿ ಗಿರಣಿಯ ಮನೆ. ಅಜ್ಜಿ ಒಂದು ಭತ್ತದ ಕಾಳು ಕಡಿದು "ಇನ್ನೂ ಒಣಗಬೇಕು" ಎಂದರೆ ಅಪ್ಪನೂ ಎದುರಾಡುತ್ತಿರಲಿಲ್ಲ. ಅಜ್ಜಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಳು. ಜೊತೆಗೆ ಎರಡು ಹೊಸ ಮೊರ, ಬಳೆ, ಬಾಚಣಿಗೆ, ರವಿಕೆಗೆಂದು ಕುಬಸದ ಕಣ. ಹೊಸ ಹೊಳೆಯ ದಡಕ್ಕೆ ಹೋಗಿ ಬಾಗಿನ ಕೊಡದೆ ಬರುವುದು ಅವಳ ಜಾಯಮಾನವಲ್ಲ.

ಬಸ್ಸು ಇಳಿದಾಗ ಮಧ್ಯಾಹ್ನ. ಎಂಥ ಮೌನದ ಊರದು! ನಮ್ಮಲ್ಲಿ ಆ ಹೊತ್ತಿಗೆ ಗಿರಣಿಯ ಗಡಗಡ, ಲಾರಿಯ ಹಾರ್ನು. ಅಲ್ಲಿ ಮರಳ ಮೇಲೆ ಮಗುಚಿದ ದೋಣಿಗಳು, ತೆಂಗಿನ ನೆರಳಲ್ಲಿ ಬಲೆ ಹೆಣೆಯುವ ಒಬ್ಬ ಮುದುಕ, ಗಾಳಿಯಲ್ಲಿ ಒಣಮೀನಿನ ವಾಸನೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಜೋರಾಗಿ ಉಸಿರೆಳೆದು ನೋಡಿದೆ. ಹೊಸ ವಾಸನೆ, ಬಿಡುವುದೇಕೆ?

ಎದುರಿಗೆ ಬಂದ ಗೌರತ್ತೆಯನ್ನು ಸರಿಯಾಗಿ ಮಾತಾಡಿಸುವ ಮೊದಲೇ ಅಜ್ಜಿ ಹೊಳೆಗಿಳಿದು, ನಮ್ಮ ತುಂಗಭದ್ರೆಯಲ್ಲಿ ಮಾಡುವ ಹಾಗೆ ಬೊಗಸೆ ನೀರನ್ನು ತೀರ್ಥವೆಂದು ಕುಡಿದಳು. ಕುಡಿದವಳೇ ಥೂ ಥೂ ಎಂದು ಉಗಿದಳು.

"ಹೊಳಿ ನೀರಿಗೆ ಉಪ್ಪು ಹಾಕ್ಯಾರೇನೇ?"

ನನಗೂ ಗೌರತ್ತೆಗೂ ನಗು ತಡೆಯಲಾಗಲಿಲ್ಲ. ರಾತ್ರಿ ಊಟಕ್ಕೆ ಮನೆಯೊಡತಿ ನಾಗಮ್ಮ ಕೊಟ್ಟ ಕೆಂಪು ಕುಚ್ಚಲಕ್ಕಿಯ ಅನ್ನ ನೋಡಿ ಅಜ್ಜಿ ಒಂದು ಅಗುಳು ಹಿಸುಕಿ, "ತೌಡು ಹಂಗ ಉಳದೈತಿ. ಯಾವ ಗಿರಣಿಯವನೋ ಅರ್ಧಕ್ಕೇ ನಿಲ್ಸ್ಯಾನ" ಎಂದಳು. ಆದರೂ ಎರಡು ಸಲ ಬಡಿಸಿಕೊಂಡಳು.

ಊಟವಾದ ಮೇಲೆ ಮಾತು ಬಂತು.

"ಗೌರಾ, ನಾಳಿಗೆ ನನ್ನ ಸಂಗಾಟ ಹೊಂಡು."

"ಇಲ್ಲವ್ವಾ. ನನಗ ಈ ಕೆಲಸ ಬೇಕು. ಇಲ್ಲಿ ಹುಡುಗ್ರು ನನ್ನ ಹಚ್ಕೊಂಡಾರ. ನನ್ನ ದುಡಿಮಿ, ನನ್ನ ಕೋಣಿ. ಬಿಟ್ಟು ಬಂದ್ರ ಮತ್ತ ಸಿಗಂಗಿಲ್ಲ."

ಗೌರತ್ತೆಯ ಕಣ್ಣು ಅಜ್ಜಿಯ ಮೇಲೇ ಇತ್ತು. ಅಜ್ಜಿ ಚೀಲದಿಂದ ಹೊಸ ಮೊರಗಳನ್ನು ತೆಗೆದು ಮುಂದಿಟ್ಟುಕೊಂಡಳು.

"ಆತು. ಬೆಳಿಗ್ಗೆ ಬಾಗಿನ ಕೊಡ್ತೀನಿ. ಗಂಗವ್ವ ತಗೊಂಡ್ಲಾ, ನೀನು ಇಲ್ಲೇ ಇರು. ತಗೊಳ್ಳಲಿಲ್ಲಾ, ಗಂಟು ಕಟ್ಟು."

ಕಂಪ್ಲಿಯಲ್ಲಿ ಹೊಳೆಗೆ ಬಿಟ್ಟ ಬಾಗಿನ ಹಿಂದೆ ಬಂದದ್ದು ಎಂದೂ ಇಲ್ಲ. ಹಾಗಾಗಿ ಗೌರತ್ತೆ ಗೆದ್ದಳು ಎಂದೇ ನಾನು ತಿಳಿದೆ.

ಬೆಳಿಗ್ಗೆ ಅಜ್ಜಿ ಮೊರಗಳಿಗೆ ಅರಿಶಿನ ಹಚ್ಚಿ, ಒಂದರ ಮೇಲೊಂದು ಮುಚ್ಚಿ, ದಾರ ಸುತ್ತಿದಳು. "ಸ್ವಲ್ಪ ತಡಿಯವ್ವಾ, ನೀರು ಇಳೀಲಿ" ಎಂದಳು ಗೌರತ್ತೆ. "ರಾಹುಕಾಲ ಬರ್ತೈತಿ, ತಡಿಯಾಂಗಿಲ್ಲ" ಎಂದು ಅಜ್ಜಿ ಬಿಟ್ಟೇಬಿಟ್ಟಳು.

ಬಾಗಿನ ಒಂದು ಸುತ್ತು ತಿರುಗಿತು. ಆಮೇಲೆ ಸಮುದ್ರಕ್ಕೆ ಬೆನ್ನು ಹಾಕಿ, ನಮ್ಮ ಮುಂದೆಯೇ ಹಾದು, ಹೊಳೆ ಹರಿದು ಬಂದ ದಿಕ್ಕಿಗೇ ಏರತೊಡಗಿತು. ನಾನು ಬಾಯಿ ತೆರೆದು ನಿಂತೆ. ಅಜ್ಜಿಯ ಮುಖ ಅರಳಿತು.

"ಕಂಡ್ಯಾ? ಒಲ್ಲೆ ಅಂದ್ಲು ತಾಯಿ! ಅರಿವಿ ಕಟ್ಟು."

"ಅವ್ವಾ, ಈಗ ಸಮುದ್ರದ ನೀರು ಒಳಗ ಬರೋ ಹೊತ್ತು. ದಿನಾ ಹೊಳಿ ಹಿಂಗ ಹಿಂದಕ್ಕ ಹೋಗಿ, ಮತ್ತ ಮುಂದಕ್ಕ ಬರ್ತೈತಿ."

"ಹೊಳಿ ಹಿಂದಕ್ಕ ಹರಿತೈತಾ? ಹೊಳಿ ದಂಡಿಮ್ಯಾಲೆ ಹುಟ್ಟಿ ಬೆಳದಾಕಿಗೆ ಹೇಳ್ತೀ?"

ನಾಗಮ್ಮ ಅಂಗಳದಿಂದಲೇ ಕೂಗಿದಳು: "ಹೌದು ಅಮ್ಮಾ, ಈಗ ಭರತ. ಇಳಿತ ಬರ್ಲಿ, ತಾನೇ ಹೋಗ್ತದೆ." ಇಬ್ಬರೂ ಸೇರಿ ಕಥೆ ಕಟ್ಟುತ್ತಿದ್ದಾರೆ ಎಂದೇ ಅಜ್ಜಿಯ ಗುಮಾನಿ. ಬಾಗಿನ ಅಷ್ಟರಲ್ಲಿ ನೀರೊಳಗೆ ನಿಂತ ಗಿಡಗಳ ಬೇರಿಗೆ ಸಿಕ್ಕಿ ನಿಂತಿತ್ತು. ನನಗೆ ಯಾರು ಗೆಲ್ಲುತ್ತಾರೆ ಎನ್ನುವುದಕ್ಕಿಂತ ಹೊಳೆ ನಿಜವಾಗಿ ತಿರುಗುತ್ತದೆಯೇ ಎನ್ನುವುದೇ ದೊಡ್ಡ ಪ್ರಶ್ನೆ. "ಅಜ್ಜಿ, ನೋಡೇಬಿಡಾಣ" ಎಂದೆ. ಅಜ್ಜಿ ನನ್ನನ್ನು ನೋಡಿದಳು, ನೀರನ್ನು ನೋಡಿದಳು, ಕಲ್ಲಿನ ಮೇಲೆ ಕುಳಿತಳು.

ನಾನು ತೆಂಗಿನ ಸಿಪ್ಪೆ ಆಯ್ದು ಆಯ್ದು ಎಸೆದೆ. ಎಲ್ಲವೂ ಮೇಲಕ್ಕೇ ಹೋದವು. ಬಿಸಿಲೇರಿತು. ರೊಟ್ಟಿಯನ್ನು ಅಲ್ಲೇ ತಿಂದೆವು. ಯಾವಾಗಲೋ ಒಂದು ಸಿಪ್ಪೆ ಎಸೆದರೆ ಬಿದ್ದಲ್ಲೇ ನಿಂತಿತು. ಹೊಳೆ ಉಸಿರು ಹಿಡಿದ ಹಾಗಿತ್ತು. ಮುಂದಿನ ಸಿಪ್ಪೆ ಮೆಲ್ಲಗೆ ಸಮುದ್ರದ ಕಡೆ ಹೊರಟಿತು.

"ತಿರುಗಿತು! ಅಜ್ಜಿ, ತಿರುಗಿತು!"

ನಾನು ಕುಣಿದಾಡಿದೆ. ಬಾಗಿನ ಬೇರಿನಿಂದ ಬಿಡಿಸಿಕೊಂಡು, ಮೊದಲು ನಿಧಾನ, ಆಮೇಲೆ ಅವಸರದಿಂದ ನಮ್ಮನ್ನು ದಾಟಿ, ಅಳಿವೆಯ ಬಿಳಿ ನೊರೆಯೊಳಗೆ ಹೋಯಿತು. ಖುಷಿಯಲ್ಲಿ ಅಜ್ಜಿಯತ್ತ ತಿರುಗಿದರೆ, ಅವಳು ಅಳುತ್ತಿದ್ದಳು. ಅವಳು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

"ನೀನೂ ಆಕಿ ಕಡೀನ ಆದ್ಯಲ್ಲ ಗಂಗವ್ವಾ," ಎಂದಳು ನೀರಿಗೆ. ಆಮೇಲೆ ಗೌರತ್ತೆಯ ತಲೆ ಸವರಿ, "ಇರು. ಹುಷಾರಾಗಿರು" ಎಂದಳು. ಗೌರತ್ತೆ ಅವಳ ಸೊಂಟ ತಬ್ಬಿ ಬಿಕ್ಕಿದಳು. ಬೇಕಾದ್ದು ಸಿಕ್ಕ ಮೇಲೂ ಯಾಕೆ ಅಳುತ್ತಾಳೆ ಎಂದು ನನಗೆ ತಿಳಿಯಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಗೌರತ್ತೆ ಆ ಕಡೆಯವಳೇ ಆಗಿದ್ದಾಳೆ. ಬ್ಯಾಂಕಿನ ಕೆಲಸದಲ್ಲಿರುವ ನನಗೆ ಹೋದ ವರ್ಷ ಬೀದರಿಗೆ ವರ್ಗವಾಯಿತು. ಮನೆಗೆ ಫೋನು ಮಾಡಿದೆ. "ಹೌದಾ, ಚಲೋ ಆತು, ಹೋಗಿ ಬಾ" ಎಂದರು. ಎಲ್ಲರೂ ಒಳ್ಳೆಯವರು, ತಿಳಿದವರು. ಯಾರೂ ತಡೆಯಲಿಲ್ಲ, ನನಗೂ ಹಗುರವೇ ಎನಿಸಿತು. ಹೊಸ ಕೋಣೆಯ ಬೀಗ ತೆಗೆದು ಒಳಗೆ ನಿಂತಾಗ ಮಾತ್ರ ಗೌರತ್ತೆ ಅಂದು ಯಾಕೆ ಅತ್ತಳೆಂದು ತಿಳಿಯಿತು. ನನಗೆ 'ಇಲ್ಲಿರಬ್ಯಾಡ, ಊರಿಗೆ ನಡಿ' ಅನ್ನಲು ಯಾರೂ ಅಷ್ಟು ದೂರ ಬಂದಿರಲಿಲ್ಲ.