ಅಜ್ಜಿ ಸಾಯ್ತಿದ್ದಾಳೆ, ಕೊನೆ ಹೇಳಿ

ರೂಸೆ ಪಟ್ಟಣದ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದ ರೊಸಿತ್ಸಾ ಬಾಯಿಲ್ಲದವಳೆಂದೇ ಎಲ್ಲರ ಲೆಕ್ಕ. ಪ್ರಯಾಣಿಕರು ಗದರಿದರೂ ತಲೆ ತಗ್ಗಿಸಿ ಟಿಕೆಟ್ ಕೊಟ್ಟು ಕಳಿಸುತ್ತಿದ್ದಳು. ಮನೆಗೆ ಬಂದು ‘ಉಪ್ಪಿನ ದೊರೆಗಳು’ ಕಾದಂಬರಿಗಳ ಅಭಿಮಾನಿಗಳು ಸೇರುವ ಆನ್‌ಲೈನ್ ಹರಟೆಕಟ್ಟೆ ಹತ್ತಿದರೆ ಮಾತ್ರ ಅವಳು ‘ಕಹಿಬಾದಾಮಿ’. ಅಲ್ಲಿ ಅವಳ ಬಾಯಿಗೆ ಸಿಕ್ಕವರ ಗತಿ ಮುಗಿದಂತೆಯೇ. ಸಿನಿಮಾ ಬಂದ ಮೇಲೆ ಪುಸ್ತಕ ಯಾಕೆ ಓದಬೇಕೆಂದು ಒಬ್ಬ ಕೇಳಿದ್ದಕ್ಕೆ, “ಮದುವೆ ಫೋಟೊ ನೋಡಿ ಹೊಟ್ಟೆ ತುಂಬಿಸ್ಕೊಳ್ಳೋ ಪೈಕಿ ನೀನು” ಎಂದು ಬರೆದಿದ್ದಳು.

ಕಥೆಯ ಗುಟ್ಟನ್ನು ಮೊದಲೇ ಬಿಚ್ಚಬಾರದು ಎಂಬುದು ಆ ಕಟ್ಟೆಯ ಕಟ್ಟುನಿಟ್ಟಿನ ಕಟ್ಟಳೆ. ಹೊಸಬರು ಹಲ್ಲು ಗಿಂಜಿ ಕೇಳುವುದನ್ನು ಅಣಕಿಸಲು ಅವಳೇ ಒಮ್ಮೆ, “ನಮ್ಮಜ್ಜಿ ಸಾಯ್ತಿದ್ದಾಳೆ, ಕೊನೆ ಹೇಳ್ಬಿಡಿ” ಎಂದು ಬರೆದಳು. ಅದು ಅಲ್ಲಿಯ ಗಾದೆಯಾಗಿಬಿಟ್ಟಿತು. ಯಾರು ಗೋಗರೆದರೂ, “ಯಾವ ಅಜ್ಜಿ? ಹೋದ ವರ್ಷ ಸತ್ತವಳಾ?” ಎಂದು ಎಲ್ಲರೂ ಮುಗಿಬೀಳುತ್ತಿದ್ದರು.

ಕೊನೆಯ ಸಂಪುಟ ಚಳಿಗಾಲಕ್ಕೆ ಬರಲಿತ್ತು. ಕಾಯಿಲೆ ಬಿದ್ದಿದ್ದ ರೊಸಿತ್ಸಾ ಅಷ್ಟು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಅವಳ ತಮ್ಮ ಮಿಲೆನ್‌ಗೆ ಹೇಳಿದರು. ಟ್ರಾಲಿ ಬಸ್ ಓಡಿಸುವ ಅವನು ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟಿದವನಲ್ಲ.

“ಔಷಧಿ ಸಾಕು ಕಣೋ,” ಎಂದಳು ಅಕ್ಕ. “ಕಥೇಲಿ ಆ ದೀಪಸ್ತಂಭದ ಹುಡುಗಿ ಕೊನೆಗೆ ತಾಯಿ ಹತ್ರ ಹೋದ್ಲಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು. ಕೊನೆ ಸಂಪುಟ ಅನುವಾದ ಮಾಡ್ತಿರೋ ‘ಗೂಬೆ’ ನಮ್ಮ ಕಟ್ಟೇಲೇ ಇರೋದು. ಆದ್ರೆ ನನಗೆ ಕಾಯಿಲೆ ಅಂತ ಅಲ್ಲಿ ಬಾಯಿ ಬಿಟ್ಟೀಯ ಜೋಕೆ. ಅವರ ಅಯ್ಯೋ ಪಾಪ ನನಗೆ ಬೇಡ.”

ಮಿಲೆನ್‌ಗೆ ಹಳೆಯ ತಮಾಷೆ ಏನು ಗೊತ್ತು? ತನ್ನ ಹೆಸರಿನಲ್ಲಿ ಕಟ್ಟೆ ಸೇರಿ ಬರೆದ: “ನಮ್ಮಕ್ಕ ಸಾಯ್ತಿದ್ದಾಳೆ. ದಯವಿಟ್ಟು ಕೊನೆ ಹೇಳಿ.”

“ಅಜ್ಜಿ ಮುಗಿದ್ಲು, ಈಗ ಅಕ್ಕನ ಸರದಿ,” ಎಂದ ಒಬ್ಬ.

“ಕಹಿಬಾದಾಮಿ ಬರ್ಲಿ ತಾಳು, ನಿನ್ನ ಚರ್ಮ ಸುಲೀತಾಳೆ,” ಎಂದಳು ಇನ್ನೊಬ್ಬಳು.

ಯಾರಾದರೂ ಸತ್ತರೆ ಅವರ ಫೋಟೊ ಇರುವ ಚೀಟಿಯನ್ನು ಮನೆ ಬಾಗಿಲಿಗೆ ಅಂಟಿಸುವುದು ಆ ಕಡೆಯ ರೂಢಿ. ಗೂಬೆಯೂ ಬರೆದಿತ್ತು: “ಬಾಗಿಲಿಗೆ ಸಾವಿನ ಚೀಟಿ ಅಂಟಿಸಿ ಫೋಟೊ ಹಾಕು ಮಗಾ, ಪೂರ್ತಿ ಹೇಳ್ತೀನಿ.”

ಮಿಲೆನ್ ತಾಯಿಯ ಮೇಲೆ ಆಣೆ ಇಟ್ಟ. ಅವರು ಇನ್ನಷ್ಟು ನಕ್ಕರು. ಬೇರೆ ದಾರಿ ಕಾಣದೆ ಅಕ್ಕನ ಮಾತು ಮೀರಿ, ಕಹಿಬಾದಾಮಿಯೇ ತನ್ನಕ್ಕ ಎಂದು ಬರೆದ. ಇಂಥ ಸುಳ್ಳು ಈ ಕಟ್ಟೆಗೆ ಇದುವರೆಗೂ ಬಂದಿರಲಿಲ್ಲ ಎಂದು ಎಲ್ಲರೂ ಚಪ್ಪಾಳೆ ಹೊಡೆದರು. ಅವನಿಗೆ ಫೋನನ್ನು ಗೋಡೆಗೆ ಅಪ್ಪಳಿಸುವಷ್ಟು ಸಿಟ್ಟು ಬಂತು, ಅಳುವೂ ಬಂತು.

ಸೋತು ಅಕ್ಕನಿಗೇ ತೋರಿಸಿದ. ಅವಳು ಕೆಮ್ಮು ಹತ್ತುವವರೆಗೂ ನಕ್ಕಳು. “ಮಾಡಿದ್ದುಣ್ಣೋ ಮಹರಾಯ ಅನ್ನೋದು ಇದಕ್ಕೇ.”

“ನೀನೇ ಒಂದು ಸಾಲು ಬರಿ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ.”

“ನಾಳೆ ನೋಡೋಣ,” ಎಂದು ಗೋಡೆಯ ಕಡೆ ತಿರುಗಿದಳು. ಬೆರಳುಗಳಲ್ಲಿ ಫೋನ್ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಅದನ್ನು ಹೇಳಿಕೊಳ್ಳುವ ಜಾಯಮಾನವೂ ಅವಳದಲ್ಲ.

ಮರುದಿನ ಅವಳ ಉಸಿರು ಬದಲಾದಾಗ ಮಿಲೆನ್ ಕಿವಿಯ ಬಳಿ ಬಗ್ಗಿದ. “ಅಕ್ಕಾ, ಹೋದ್ಲಂತೆ. ಹುಡುಗಿ ತಾಯಿ ಹತ್ರ ಹೋದ್ಲಂತೆ. ಗೂಬೆನೇ ಫೋನ್ ಮಾಡಿದ್ದ, ಒಳ್ಳೆ ಮನುಷ್ಯ.”

“ಗೂಬೆ ಹೆಂಗಸು ಕಣೋ, ದಡ್ಡ,” ಎಂದಳು. ಮತ್ತೆ ಮಾತಾಡಲಿಲ್ಲ.

ಮಿಲೆನ್ ಅವಳ ಫೋಟೊ ಇರುವ ಸಾವಿನ ಚೀಟಿಯನ್ನು ಕಟ್ಟಡದ ಬಾಗಿಲಿಗೆ ಅಂಟಿಸಿ, ಅದರ ಚಿತ್ರ ತೆಗೆದು ಕಟ್ಟೆಗೆ ಹಾಕಿದ. ಒಂದಕ್ಷರವನ್ನೂ ಬರೆಯಲಿಲ್ಲ.

ಆಮೇಲೆ ಗೂಬೆ ಕಟ್ಟೆಯ ಕಟ್ಟಳೆ ಮುರಿದು ಕೊನೆಯ ಅಧ್ಯಾಯವನ್ನು ಇಡಿಯಾಗಿ ಕಳಿಸಿದಳು. ಮಿಲೆನ್ ಕಡೆಯ ನಿಲ್ದಾಣದಲ್ಲಿ ಬಸ್ ನಿಲ್ಲಿಸಿ ಓದಿದ. ಯಾವ ದೊರೆ ಯಾರು, ಯಾಕೆ ಹೊಡೆದಾಡುತ್ತಿದ್ದಾರೆ, ಒಂದೂ ತಲೆಗೆ ಹತ್ತಲಿಲ್ಲ. ಬೆರಳಿಟ್ಟು ಹುಡುಕುತ್ತಾ ಹುಡುಕುತ್ತಾ ಕೊನೆಯ ಪುಟದಲ್ಲಿ ದೀಪಸ್ತಂಭದ ಹುಡುಗಿ ಸಿಕ್ಕಳು.

ಅವಳು ತಾಯಿಯ ಹತ್ತಿರ ಹೋಗಿದ್ದಳು. ಅವನು ಹೇಳಿದ್ದು ನಿಜವೇ ಆಗಿತ್ತು, ಅಕ್ಕ ನಂಬದೆ ಹೋಗಿದ್ದಳು.