ಕಾಕಾನ ಪುಕ್ಕಟೆ ಪವರ್

ಆಯುಧಪೂಜೆಗೆ ಮೊದಲು ಕಾರು ತೊಳೆಯುವುದು ಈಗ ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಈ ಸಲ ಒಳಗಿನ ಕಾರ್ಪೆಟ್ಟು ನಾರುತ್ತಿತ್ತು. ಕಿತ್ತು ಹೊರಗೆ ಎಸೆದೆ. ಪೆಟ್ರೋಲು, ಹಳೇ ಗೋಣಿ, ಒದ್ದೆ ಮರ ಮೂರೂ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಈ ಕಾರಿನ ತಳ ಪ್ಲೈವುಡ್ಡಿನದು. ಆಕ್ಸಿಲರೇಟರ್ ಪೆಡಲಿನ ಹಿಂದೆ ಆ ಮರದ ಮೇಲೆ ಒಂದು ಕಪ್ಪು ರಬ್ಬರಿನ ತುಂಡು ಕೂತಿತ್ತು, ಬೆಂಕಿಪೊಟ್ಟಣದ ಗಾತ್ರದ್ದು. ಯಾರೋ ಅದರ ನಾಲ್ಕೂ ಮೂಲೆಗಳನ್ನು ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದರು.

ಮೂಲೆ ನೋಡಿದ್ದೇ ತಡ, ಯಾರ ಕೈಕೆಲಸ ಅಂತ ಗೊತ್ತಾಯಿತು. ಎದುರುಮನೆ ಕಾಕಾ...

ಧಾರವಾಡದ ಕಡೆಯವರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತರಾಗಿ, ಶೆಟ್ಟಿಹಳ್ಳಿಯಲ್ಲಿ ನಮ್ಮ ಎದುರಿಗೇ ಮನೆ ಕಟ್ಟಿಕೊಂಡಿದ್ದರು. ಅವರ ಅಣ್ಣನ ಮಕ್ಕಳು ರಜಕ್ಕೆ ಬಂದಾಗ ಕಾಕಾ ಕಾಕಾ ಅಂತ ಕೂಗುತ್ತಿದ್ದದ್ದು ಬೀದಿಗೆಲ್ಲ ಅಂಟಿಕೊಂಡು, ನಮ್ಮಪ್ಪನೂ ಅವರನ್ನು ಕಾಕಾ ಅಂತಲೇ ಕರೆಯುತ್ತಿದ್ದರು. ಅವರ ಕೈಗೆ ಸಿಕ್ಕಿದ ಯಾವ ವಸ್ತುವಿಗೂ ಚೂಪು ಮೂಲೆ ಉಳಿಯುತ್ತಿರಲಿಲ್ಲ. ನಮ್ಮ ಬಾಗಿಲಿಗೆ ಅಡ್ಡ ಇಡುವ ರಬ್ಬರು, ಅಮ್ಮನ ಸಾಂಬಾರ ಡಬ್ಬಿಗಳ ಹಲಗೆ, ಮನೆ ನಂಬರಿನ ತಗಡು, ಎಲ್ಲವನ್ನೂ ಉಜ್ಜಿಯೇ ಕೊಟ್ಟಿದ್ದರು. ಕೇಳಿದರೆ, "ಮೂಲಿ ಯಾರಿಗೂ ಚುಚ್ಚಬಾರದ್ರಿ" ಅನ್ನುತ್ತಿದ್ದರು.

ಇಷ್ಟು ಒಳ್ಳೆಯ ಮನುಷ್ಯನನ್ನು ನಾನು ನಂಬಿರಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮು ಪರಿಶೀಲಿಸುವ ಕೆಲಸ ನನ್ನದು. ಕೈ ಮುರಿದುಕೊಂಡು ಬಂದವರ ಬ್ಯಾಂಡೇಜನ್ನೂ ಎರಡು ಸಲ ನೋಡುವವಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ನಾನು ಪ್ರಮಾಣಿಸಿ ನೋಡಿದ ಮೇಲೂ ಇನ್ನೊಮ್ಮೆ ನೋಡುತ್ತೇನೆ. ಪುಕ್ಕಟೆಯಾಗಿ ಕೆಲಸ ಮಾಡಿಕೊಡುವವರನ್ನು ಕಂಡರಂತೂ ನನಗೆ ಮೈಯೆಲ್ಲ ಕಣ್ಣಾಗುತ್ತದೆ.

ಕಾರಿನ ಕಥೆ ಹೇಳದೆ ಕಾಕಾನ ಕಥೆ ಮುಂದೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಟಾಪು, ಮೋಟುಗೋಡೆಯಷ್ಟು ಎತ್ತರ. ನಮ್ಮ ಷೆಡ್ಡಿನಲ್ಲಿ ಅದನ್ನು ನಿಲ್ಲಿಸುತ್ತಿದ್ದ ಆಫೀಸರೊಬ್ಬರು ವರ್ಗವಾಗಿ ಹೋಗುವಾಗ ಅಪ್ಪನಿಗೇ ಕೊಟ್ಟುಹೋಗಿದ್ದರು. ಎತ್ತಿನಗಾಡಿಯನ್ನೂ ಪಂದ್ಯಕ್ಕೆ ಹೊಡೆಯುತ್ತಿದ್ದ ಅಪ್ಪನ ಕೈಗೆ ಅದು ಸಿಕ್ಕಿದ್ದು ಮಂಗನ ಕೈಗೆ ಮಾಣಿಕ್ಯ ಸಿಕ್ಕಿದಂತಲ್ಲ, ಮಂಗನಿಗೆ ಹೆಂಡ ಕುಡಿಸಿದಂತೆ. ಒಂದು ಮಧ್ಯಾಹ್ನ ಯಲಹಂಕದ ಹತ್ತಿರ, ಕೋಗಿಲು ಊರಿನ ಕಡೆಯ ತಿರುವಿನಲ್ಲಿ ಗಾಡಿಯನ್ನು ಚರಂಡಿಗೆ ಇಳಿಸಿದರು. ಪಕ್ಕದಲ್ಲಿದ್ದ ಅಮ್ಮನ ಹೆಗಲ ಮೂಳೆ ಮುರಿಯಿತು. ಅಪ್ಪನಿಗೆ ಒಂದು ತರಚೂ ಇಲ್ಲ. ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತು, "ಬ್ರೇಕ್ ಸರ್ಯಾಗೇ ಇಡೀತು ಕಣೆ, ರೋಡ್ ಸರ್ಯಾಗಿರ್ಲಿಲ್ಲ" ಅಂದರು. ಅಮ್ಮ ಗೋಡೆಯ ಕಡೆ ತಿರುಗಲೂ ಆಗದೆ ಕಣ್ಣು ಮುಚ್ಚಿಕೊಂಡಳು.

ಮುರಿದ ಗಾಡಿಯನ್ನು ನಮ್ಮ ಷೆಡ್ಡಿನಲ್ಲೇ ರಿಪೇರಿ ಮಾಡಿದ್ದು ಕಾಕಾ. ಹೊರಗೆ ಬಂದಾಗ ಬಣ್ಣ ಮಿಂಚುತ್ತಿತ್ತು, ಜೀವ ಇರಲಿಲ್ಲ. ಮೊದಲು ಲಾರಿಗಳನ್ನು ಹಿಂದೆ ಹಾಕುತ್ತಿದ್ದ ಗಾಡಿ ಈಗ ಆಟೋಗಳಿಗೆ ದಾರಿ ಬಿಡುತ್ತಿತ್ತು. ಎಷ್ಟು ಒತ್ತಿದರೂ ಸ್ಪೀಡಿನ ಸೂಜಿ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಪೆಟ್ಟು ತಿಂದ ಇಂಜಿನ್ನು, ಸೊರಗಿದೆ ಅಂದುಕೊಂಡೆವು.

ಅಪ್ಪ ಹಟ ಹಿಡಿದರು. ಅವರಿಗೆ ಬೇಕಿದ್ದದ್ದು ಒಂದೇ, ನಂದಿ ಬೆಟ್ಟ. "ಸೆಕೆಂಡ್ ಗೇರಲ್ಲೇ ಅತ್ತಬೇಕು ಕಾಕಾ, ಮೊದ್ಲಿನಂಗೆ. ಫಸ್ಟ್‌ಗೆ ಇಳ್ಸುದ್ರೆ ಮರ್ವಾದೆ ಓಯ್ತದೆ." ಯಶವಂತಪುರದಿಂದ ಬಂದ ಮೆಕ್ಯಾನಿಕ್ಕು ಬೇರೆ ಕಾರ್ಬೊರೇಟರು, ಬೇರೆ ಸೈಲೆನ್ಸರು, ಅದನ್ನು ಹೊರದೇಶದಿಂದ ತರಿಸಬೇಕು, ಇದನ್ನು ಕೊರೆಸಬೇಕು ಅಂತ ದೊಡ್ಡ ಪುರಾಣವನ್ನೇ ಓದಿದ. ಕಾಕಾ ಅವನಿಗೆ ಚಹಾ ಕುಡಿಸಿ ಗೇಟಿನ ತನಕ ಬಿಟ್ಟು ಬಂದು ಅಪ್ಪನಿಗೆ ಹೇಳಿದರು:

"ಪವರ್ ಅನ್ನೂದು ರೊಕ್ಕಾ ಕೊಟ್ಟು ತರೂದಲ್ಲರಿ ಗೌಡ್ರ. ಇದ್ದದ್ದು ಎಲ್ಲೆ ಸೋರಾಕತ್ತೈತಿ, ಅದನ್ನ ನೋಡೂದು."

ಹೀಗೆ ನಮ್ಮ ಮನೆಯ ಭಾನುವಾರಗಳು ಕಾಕಾನ ಪಾಲಾದವು. ಒಂದು ವಾರ ಚಕ್ರಗಳನ್ನು ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ ನೋಡಿದರು. ಒಂದು ಚಕ್ರದ ಬ್ರೇಕು ಸದಾ ಹಿಡಿದುಕೊಂಡೇ ಇತ್ತು, ಬಿಡಿಸಿದರು. ಇನ್ನೊಂದು ವಾರ ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು. ಆಮೇಲೆ ಕಿಡಿ ಹತ್ತುವ ಹೊತ್ತನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದು, ಬೀದಿಯಲ್ಲಿ ಓಡಿಸಿ ಬಂದು, ಮತ್ತೆ ಹಿಂದಕ್ಕೆ ತಂದರು. ಎರಡು ಕಾರ್ಬೊರೇಟರುಗಳ ಬಾಯಿಗೆ ಒಂದು ರಬ್ಬರ್ ಪೈಪು ಹಿಡಿದು, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಎರಡೂ ಒಂದೇ ಸಮ ಉಸಿರಾಡುವ ತನಕ ತಿರುಪು ತಿರುಗಿಸುತ್ತಿದ್ದರು. ಅಪ್ಪ ಪಕ್ಕದಲ್ಲಿ ನಿಂತು ಉಸಿರು ಬಿಗಿಹಿಡಿಯುತ್ತಿದ್ದರು.

ಅಪ್ಪ ಕೈ ಹಾಕಿದರೆ ಮಾತ್ರ ಜಗಳ. ಸ್ಕ್ರೂ ತಿರುಗಿಸುವ ತಾಳ್ಮೆ ನಮ್ಮಪ್ಪನಿಗೆ ಹುಟ್ಟಾ ಇರಲಿಲ್ಲ. ಸುತ್ತಿಗೆ ತಗೊಂಡು ಎರಡು ಏಟು ಹಾಕಿ ಕೂರಿಸಿಬಿಡುತ್ತಿದ್ದರು. ಎದುರುಮನೆ ಜಗಲಿಯಲ್ಲಿ ಕೂತ ಕಾಕಾಗೆ ಬರೀ ಶಬ್ದದಿಂದಲೇ ಗೊತ್ತಾಗುತ್ತಿತ್ತು. ಅಲ್ಲಿಂದಲೇ ಕೂಗುತ್ತಿದ್ದರು: "ಗೌಡ್ರ! ಅದು ಮೊಳಿ ಅಲ್ಲರಿ, ಸ್ಕ್ರೂ!"

ಇಷ್ಟಾದ ಮೇಲೆ ಶುರುವಾಯಿತು ಭಾರ ಇಳಿಸುವ ಕಾರ್ಯಕ್ರಮ. ಭಾರ ಕಮ್ಮಿಯಾದರೆ ಅಷ್ಟು ಪವರ್ ಪುಕ್ಕಟೆ ಬಂದಂತೆ ಅಂತ ಕಾಕಾನ ವಾದ. ಮೊದಲು ಸ್ಟೆಪ್ನಿ ಹೋಯಿತು. ಮುಂದಿನ ವಾರ ಹಿಂದಿನ ಬಂಪರು. ಆಮೇಲೆ ಕಾರಿನೊಳಗಿನ ಹೀಟರು... ಇಂಗ್ಲೆಂಡಿನವರು ಹಾಕಿದ್ದು, ಶೆಟ್ಟಿಹಳ್ಳಿಯಲ್ಲಿ ಅದರಿಂದ ಯಾರಿಗೆ ಏನು ಉಪಯೋಗವೋ. ಪ್ರತಿ ಭಾನುವಾರ ಸಂಜೆ ಒಂದೊಂದು ಸಾಮಾನು ರಸ್ತೆ ದಾಟಿ ಕಾಕಾನ ಮನೆ ಸೇರುತ್ತಿತ್ತು. ನಾನು ತಾರಸಿಯಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ನೋಡುತ್ತಿದ್ದೆ. ಹಳೇ ಕಾರಿನ ಒರಿಜಿನಲ್ ಸಾಮಾನಿಗೆ ಗುಜರಿಯಲ್ಲಿ ಎಂಥ ಬೆಲೆ ಇದೆ ಅಂತ ನನಗೆ ಗೊತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂದುಕೊಂಡೆ.

ಒಂದು ದಿನ ನೇರವಾಗಿ ಹೋಗಿ ಕೇಳಿಯೇಬಿಟ್ಟೆ. "ಕಾಕಾ, ನಮ್ ಬಂಪರ್ ಎಲ್ಲಿಟ್ಟಿದೀರ, ಸ್ವಲ್ಪ ನೋಡ್ಬೇಕಿತ್ತು."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಬಾ ತಂಗಿ" ಅಂತ ಕರೆದುಕೊಂಡು ಹೋಗಿ ಹಿತ್ತಲ ರೂಮು ತೆರೆದರು. ಸ್ಟೆಪ್ನಿ, ಬಂಪರು, ಹೀಟರು, ಎಲ್ಲಕ್ಕೂ ಎಣ್ಣೆ ಸವರಿ ಹಳೇ ಧೋತರದಲ್ಲಿ ಸುತ್ತಿ ಸಾಲಾಗಿ ಇಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಮನೆಗೆ ಬರುತ್ತಿದ್ದರು. ನಾನು ಇನ್ನಷ್ಟು ಅನುಮಾನ ಹೊತ್ತುಕೊಂಡು ಬಂದೆ. ಕಳ್ಳನಲ್ಲ, ಸರಿ. ಕೆಲಸ ಗೊತ್ತಿಲ್ಲದವರೂ ಅಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಹೊಗೆ ನಿಂತಿತ್ತು, ಶಬ್ದ ವೀಣೆಯಂತಿತ್ತು. ಹಾಗಾದರೆ ಆ ಸೂಜಿ ಯಾಕೆ ಅದೇ ಜಾಗದಲ್ಲಿ ನಿಲ್ಲುತ್ತದೆ?

ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಬಾನೆಟ್ ಎತ್ತಿ ಕಾಕಾ ಕೈಯಿಂದ ರೇಸ್ ಎಳೆದರೆ ಇಂಜಿನ್ನು ಬೀದಿ ನಡುಗುವ ಹಾಗೆ ಗರ್ಜಿಸುತ್ತಿತ್ತು. ಅಪ್ಪ ಕೂತು ಕಾಲಿಂದ ಒತ್ತಿದರೆ ಆ ಗರ್ಜನೆ ಇಲ್ಲ. ಕೇಳಿದೆ. "ಕೈಯಿಂದ ಹುಲಿ, ಕಾಲಿಂದ ಹಸು, ಇದೇನ್ ಕಾಕಾ?"

ಕಾಕಾ ಬಗ್ಗಿ ಏನೋ ಹುಡುಕುತ್ತಿದ್ದವರು ತಲೆ ಎತ್ತಲಿಲ್ಲ. "ಹಳೀ ಗಾಡಿ ತಂಗಿ... ಅದಕ್ಕೂ ಮನಸಂತ ಇರತೈತಿ" ಅಂದರು. ಕ್ಲೇಮಿಗೆ ಬಂದವರು ಇಂಥ ಉತ್ತರ ಕೊಟ್ಟರೆ ಫೈಲು ಅಲ್ಲೇ ಮುಚ್ಚುತ್ತಿದ್ದೆ. ಮತ್ತೊಂದು ಸಲ ನಾನು ಕಾರೊಳಗೆ ಗುಡಿಸಲು ಹೋದಾಗ ಓಡಿ ಬಂದು ಪೊರಕೆ ಕಿತ್ತುಕೊಂಡರು. "ಅಲ್ಲೆ ಕೈ ಹಾಕಬ್ಯಾಡ, ವೈರ್ ಅದಾವ." ಪೆಡಲಿನ ಹತ್ತಿರ ಎಂಥ ವೈರು ಅಂತ ಆ ರಾತ್ರಿಯೆಲ್ಲ ಯೋಚಿಸಿದೆ.

ಕೊನೆಗೆ ನಂದಿಗೆ ಹೊರಟೆವು. ಅಪ್ಪ ಬರಿಗಾಲಲ್ಲಿ ಓಡಿಸುತ್ತಿದ್ದರು, ಚಪ್ಪಲಿ ಹಾಕಿದರೆ ಗಾಡಿಯ ಮಾತು ಕೇಳಿಸುವುದಿಲ್ಲ ಅಂತ. ಪಕ್ಕದಲ್ಲಿ ನಾನು. ಕೆಳಗಿನ ತಿರುವುಗಳೆಲ್ಲ ಚೆನ್ನಾಗಿಯೇ ಹತ್ತಿತು. ಅಪ್ಪ ಹಾಡು ಗುನುಗುತ್ತಿದ್ದರು. ಮೇಲೆ ಮೇಲೆ ಹೋದಂತೆ ಗಾಡಿ ಏದುಸಿರು ಬಿಟ್ಟಿತು. ಅಪ್ಪನ ಕಾಲು ಪೆಡಲನ್ನು ಒತ್ತಿ ಒತ್ತಿ ಬೆರಳೆಲ್ಲ ಬೆಳ್ಳಗಾಗಿತ್ತು. ಇನ್ನು ನಿಂತೇ ಹೋಗುತ್ತದೆ ಅನ್ನುವಾಗ ಫಸ್ಟ್ ಗೇರಿಗೆ ಇಳಿಸಿದರು. ಸ್ಕೂಟರಿನಲ್ಲಿ ಬಂದ ಗಂಡ ಹೆಂಡತಿ ನಮ್ಮನ್ನು ದಾಟಿಕೊಂಡು ಹೋದರು.

ವಾಪಸು ಬಂದಾಗ ಕಾಕಾ ನಮ್ಮ ಗೇಟಿನಲ್ಲೇ ನಿಂತಿದ್ದರು. ಅಪ್ಪನ ಮುಖ ನೋಡುವ ಮೊದಲು ಅವರು ಅಮ್ಮನ ಮುಖ ನೋಡಿದರು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಅದನ್ನು ನಾನು ಕಂಡೆ. ಕಂಡು ಏನೇನೋ ಯೋಚನೆ ಬಂತು, ಇಲ್ಲಿ ಬರೆಯುವಂಥದ್ದಲ್ಲ. ಇಬ್ಬರ ವಯಸ್ಸು ನೆನಪಾಗಿ ಸುಮ್ಮನಾದೆ.

ಮುಂದಿನ ಭಾನುವಾರವೂ ಕಾಕಾ ಪೈಪು ಹಿಡಿದು ಬಂದರು. ಅದರ ಮುಂದಿನ ವಾರವೂ... ಒಂದು ಚಳಿಗಾಲ ಎದೆನೋವು ಅಂತ ಮಲಗಿದವರು ಏಳಲಿಲ್ಲ. ಅವರ ಅಣ್ಣನ ಮಕ್ಕಳು ಬಂದು ಮನೆ ಮಾರಿದರು. ಮಾರುವ ಮೊದಲು ಧೋತರದಲ್ಲಿ ಸುತ್ತಿದ್ದ ಸಾಮಾನನ್ನೆಲ್ಲ ಹೊತ್ತು ತಂದು ನಮ್ಮ ಷೆಡ್ಡಿನಲ್ಲಿ ಇಟ್ಟುಹೋದರು. ಅಪ್ಪ ಸ್ವಲ್ಪ ದಿನ ಕಾರು ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಹೊಸ ಕಾರ್ಪೆಟ್ಟು ತಂದು, ಷೆಡ್ಡಿನ ಬಾಗಿಲು ಹಾಕಿಕೊಂಡು, ತಾವೇ ಹಾಸಿದರು. ಅವತ್ತಿನಿಂದ ಪವರಿನ ಸುದ್ದಿ ಎತ್ತಲಿಲ್ಲ. ನಾನೇ ಒಮ್ಮೆ ಬೇರೆ ಮೆಕ್ಯಾನಿಕ್ಕಿಗೆ ತೋರಿಸೋಣ ಅಂದಾಗ, "ಬ್ಯಾಡ ಬುಡವ್ವ, ಗಾಡಿ ಇಂಗೇ ಚೆನ್ನಾಗದೆ" ಅಂದರು. ಅಪ್ಪನಿಗೆ ವಯಸ್ಸಾಯಿತು ಅಂದುಕೊಂಡೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನಕ್ಕೆ ಯಲಹಂಕದ ತನಕ ಹೋಗಿ ಬರುತ್ತಿದ್ದರು. ಹಾಗೇ ಓಡಾಡಿಕೊಂಡಿದ್ದು, ಹೋದ ವರ್ಷ ಅವರೂ ಹೋದರು.

ಈಗ ಆ ರಬ್ಬರು. ಪೆಡಲನ್ನು ಕೈಯಿಂದ ಒತ್ತಿ ನೋಡಿದೆ. ಅರ್ಧಕ್ಕಿಂತ ತುಸು ಕೆಳಗೆ ಹೋಗಿ ರಬ್ಬರಿಗೆ ತಾಗಿ ನಿಂತಿತು. ಇಷ್ಟು ವರ್ಷ ಕಾಕಾ ಎಲ್ಲೆಲ್ಲೋ ಹುಡುಕುತ್ತಿದ್ದ ಪವರು ಇಲ್ಲಿ, ಅವರೇ ಮೂಲೆ ಉಜ್ಜಿ ಕೂರಿಸಿದ ತುಂಡಿನಡಿ ಇತ್ತು! ನನ್ನ ಅನುಮಾನ ನಿಜವಾಗಿತ್ತು. ಖುಷಿಯಾಗಬೇಕಿತ್ತು, ಮೈ ಉರಿಯಿತು. ಅಪ್ಪನ ಬೆಳ್ಳಗಾದ ಬೆರಳು ಕಣ್ಣಿಗೆ ಕಟ್ಟಿತು.

ಅಡುಗೆಮನೆಯಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನಾನೇ ಏಳಿದ್ದು. ಮೂಳೆ ಮುರುದ್ ಮನಗಿದ್ನಲ್ಲ, ನೋಡಾಕ್ ಕಾಕಾ ಬಂದಿದ್ರು. ನಿಮ್ಮಪ್ಪ ನನ್ ಮಾತ್ ಕೇಳೋರಾ? ಗಾಡಿ ಮಾರ್ಬುಡಿ ಅಂದ್ರೆ ಊಟ ಬುಟ್ಬುಡೋರು. ಓಡ್ಲಿ, ಆದ್ರೆ ಓಡ್ಬಾರ್ದು, ಅಂಗ್ ಮಾಡ್ಕೊಡಿ ಅಂದೆ."

"ಮತ್ತೆ ಅಷ್ಟೊಂದು ರಿಪೇರಿ?"

"ಅದಾ... ಪಾಪ, ಅವ್ರ್‌ಗೆ ತಡಿಯಕ್ಕಾಗ್ಲಿಲ್ಲ. 'ಅಕ್ಕಾರ, ಒಂದ್ ಕಡೆ ಕಟ್ಟಿ ಹಾಕೇನಿ, ಉಳಿದದ್ದಾದ್ರೂ ಛಲೋ ಮಾಡಿ ಕೊಡ್ತೇನಿ' ಅಂದ್ರು. ಅದಕ್ಕೇ ವಾರ ವಾರ ಬತ್ತಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೇಳುದ್ರೆ ಊರಿಗೇ ಏಳ್ದಂಗೆ" ಅಂತ ಸಿಪ್ಪೆಯನ್ನು ಮೊರದ ಅಂಚಿಗೆ ತಳ್ಳಿದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಜಾಣತನಕ್ಕೆ ಮೆಚ್ಚಬೇಕೋ, ಅಪ್ಪನಿಗೆ ಮಾಡಿದ ಮೋಸಕ್ಕೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಟ್ಟೇ ಗೆದ್ದಿತು. ರಬ್ಬರನ್ನು ಕಿತ್ತೆಸೆಯಬೇಕು ಅಂತ ಸ್ಕ್ರೂಡ್ರೈವರ್ ತಗೊಂಡು ಹೋಗಿ ಬಗ್ಗಿದೆ. ಎರಡು ಸ್ಕ್ರೂ ಇದ್ದವು. ಒಂದು ಹಿತ್ತಾಳೆಯದು, ಮರದೊಳಗೆ ನೆಟ್ಟಗೆ ಇಳಿದಿತ್ತು, ಮೆತ್ತಗೆ ತಿರುಗಿಸಿದರೆ ಬಂತು. ಇನ್ನೊಂದು ಬೇರೆ ಜಾತಿಯದು, ಕಬ್ಬಿಣದ್ದು, ಸೊಟ್ಟಗೆ ನಿಂತಿತ್ತು. ಸ್ಕ್ರೂಡ್ರೈವರ್ ಇಟ್ಟರೆ ಜಾರುತ್ತಿತ್ತು. ಟಾರ್ಚು ಹಿಡಿದು ನೋಡಿದೆ. ಅದರ ತಲೆ ಚಪ್ಪಟೆಯಾಗಿ ಜಜ್ಜಿಹೋಗಿತ್ತು. ಸುತ್ತಲ ಮರದ ಮೇಲೆ ಸುತ್ತಿಗೆಯ ಗುಂಡು ಗುರುತುಗಳು.

ಇಂಥ ಕೆಲಸ ನಮ್ಮ ಮನೆಯಲ್ಲಿ ಒಬ್ಬರದೇ.

ಹಾಗಾದರೆ ಅಪ್ಪ ಅವತ್ತು ಕಾರ್ಪೆಟ್ಟು ಹಾಸುವಾಗ ಇದನ್ನು ಕಂಡಿದ್ದರು. ಬಹುಶಃ ಕಿತ್ತೂ ನೋಡಿದ್ದರು. ಕಾಕಾನ ಇನ್ನೊಂದು ಸ್ಕ್ರೂ ಆಗಲೇ ಕಳೆದುಹೋಗಿರಬೇಕು. ನಂದಿ ಅಲ್ಲೇ ಇತ್ತು, ಗಾಡಿ ಮನೆಯಲ್ಲಿತ್ತು, ತಡೆಯಲು ಕಾಕಾ ಇರಲಿಲ್ಲ. ಆದರೂ ಕೈಗೆ ಸಿಕ್ಕಿದ ಸ್ಕ್ರೂ ಹುಡುಕಿ, ರಬ್ಬರನ್ನು ಅದೇ ಜಾಗದಲ್ಲಿಟ್ಟು ಹೊಡೆದಿದ್ದರು. ಅಮ್ಮನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಮೂವರೂ ತಂತಮ್ಮ ಗುಟ್ಟು ಇಟ್ಟುಕೊಂಡು, ಎಲ್ಲರನ್ನೂ ಅನುಮಾನಿಸುತ್ತಿದ್ದ ನನ್ನ ಕಣ್ಣಿಗೇ ಮಣ್ಣೆರಚಿದ್ದರು. ಷೆಡ್ಡಿನಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ.

ಇಕ್ಕಳ ಹಾಕಿ ಎಳೆದು ಅದನ್ನೂ ತೆಗೆದೆ. ರಬ್ಬರಿಲ್ಲದೆ ಒಂದು ಸಲ ಓಡಿಸಿ ನೋಡಿದೆ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ. ಕಾಲಿಟ್ಟದ್ದೇ ತಡ ಬೆನ್ನು ಸೀಟಿಗೆ ಅಂಟಿತು, ಸೂಜಿ ಆ ಹಳೇ ಜಾಗ ದಾಟಿ ಹಾರಿತು. ಕಾಕಾನ ಭಾನುವಾರಗಳೆಲ್ಲ ಒಟ್ಟಿಗೆ ಎದ್ದು ಬಂದಂತಿತ್ತು. ಇದನ್ನು ಅಪ್ಪ ಕೈಯಾರೆ ಬಿಟ್ಟುಕೊಟ್ಟರಲ್ಲ... ಕಾಲು ತಾನಾಗಿಯೇ ಮೇಲೆ ಬಂತು.

ಮನೆಗೆ ಬಂದು ರಬ್ಬರನ್ನು ಮತ್ತೆ ಅದರ ಜಾಗದಲ್ಲಿ ಇಟ್ಟೆ. ಹಬ್ಬದ ಸಂಜೆ ಅಮ್ಮ ಪಕ್ಕದಲ್ಲಿ ಕೂರುವವಳಿದ್ದಳು. ಕಾಕಾನ ಹಿತ್ತಾಳೆ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ ಕೂರಿಸಿದೆ. ಅಪ್ಪನದಕ್ಕೆ ಸುತ್ತಿಗೆ ತಗೊಂಡೆ. ಎರಡು ಏಟು ಹಾಕಿ ಕೈ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದೆ. ಎದುರುಮನೆ ಈಗ ಪೀಜಿ ಹಾಸ್ಟೆಲ್ಲು, ಜಗಲಿಯ ತುಂಬ ಯಾರ್ಯಾರದೋ ಶೂಗಳು. ಅಲ್ಲಿಂದ ಯಾರೂ ಕೂಗಲಿಲ್ಲ.