ತಿಕೋಟಾದ ಬಯಲಿಗೆ ಇಳಿದ ಜೀಪು

ನಾನು ಸೇನೆಯಿಂದ ನಿವೃತ್ತಳಾಗುವ ಹಿಂದಿನ ವರ್ಷದ ಮಾತು. ಆಗ ಮೇಜರ್ ಆಗಿದ್ದೆ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಇಳಿಸಿದ ವಾಹನಗಳನ್ನು ನೆಲದ ಮೇಲೆ ಬಿಡಿಸಿ, ಓಡಿಸುವ ಸ್ಥಿತಿಗೆ ತರುವ ತಂಡ ನನ್ನದು. ಆ ಚಳಿಗಾಲದ ತರಬೇತಿಗೆ ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಬೀಳು ಬಯಲನ್ನು ಆರಿಸಿದ್ದರು. ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಜಲನಗರದಲ್ಲಿ. ಕೆಲಸಕ್ಕೆಂದು ಈ ಕಡೆಗೆ ಬಂದದ್ದು ಅದೇ ಮೊದಲು.

ಹಗುರ ಜೀಪು ಎಂದು ನಾವು ಕರೆದರೂ ಅದು ಕಬ್ಬಿಣದ ಭಾರವೇ. ಅದನ್ನು ಅಲ್ಯುಮಿನಿಯಂ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ, ಜೀಪಿನಡಿ ಜೇನುಗೂಡಿನಂಥ ರಟ್ಟಿನ ದಪ್ಪ ಪದರಗಳನ್ನಿಟ್ಟು ಬಿಗಿಯುತ್ತೇವೆ. ನೆಲ ತಾಕಿದಾಗ ಆ ರಟ್ಟು ಜಜ್ಜಿಹೋಗಿ ಪೆಟ್ಟನ್ನು ತಾನೇ ನುಂಗುತ್ತದೆ.

ಅಂದು ಬೆಳಿಗ್ಗೆ ವಿಮಾನದ ಬಾಲ ತೆರೆದು ಜೀಪು ಹೊರಬಿತ್ತು. ಅರೆಕ್ಷಣ ಕಲ್ಲಿನಂತೆ ಬಿದ್ದದ್ದು, ಪ್ಯಾರಾಚೂಟ್‌ಗಳು ಅರಳುತ್ತಲೇ ತೊಟ್ಟಿಲಿನಂತೆ ತೂಗತೊಡಗಿತು. ಎಷ್ಟೋ ಸಲ ಕಂಡ ನೋಟ. ಆದರೂ ಅದು ನೆಲ ಮುಟ್ಟುವವರೆಗೆ ಕಣ್ಣು ಕೀಳಲಿಲ್ಲ.

ನೆಲ ಮುಟ್ಟಿದ ಕೂಡಲೇ ಪ್ಯಾರಾಚೂಟ್‌ಗಳು ತಾವಾಗಿ ಕಳಚಬೇಕು. ಒಂದು ಕಳಚಲಿಲ್ಲ. ಗಾಳಿ ತುಂಬಿಕೊಂಡು ಜೀಪನ್ನು ಪ್ಲಾಟ್‌ಫಾರ್ಮ್ ಸಮೇತ ಎಳೆಯತೊಡಗಿತು. ನಮ್ಮ ಚಾಲಕ, ಬಬಲೇಶ್ವರದ ಹವಾಲ್ದಾರ್ ಸಿದ್ದಪ್ಪ, ನಾವು ಬಂದಿದ್ದ ಟ್ರಕ್ಕನ್ನು ನೇರ ಆ ಪ್ಯಾರಾಚೂಟ್ ಬಟ್ಟೆಯ ಮೇಲೆಯೇ ನುಗ್ಗಿಸಿ ಅದನ್ನು ಅಡಗಿಸಿದ. ಜೀಪು ನಿಂತಿತು. ಆದರೆ ಹಗ್ಗಗಳು ಟ್ರಕ್ಕಿನ ಆಕ್ಸಲ್‌ಗೆ ಸುತ್ತಿಕೊಂಡು ಟ್ರಕ್ಕೂ ಅಲುಗದಾಯಿತು.

ಅಷ್ಟರಲ್ಲಿ ಎರಡನೆಯ ವಿಮಾನದಿಂದ ಸೈನಿಕರು ಜಿಗಿದಾಗಿತ್ತು. ಅದೇ ಗಾಳಿ ಒಬ್ಬನನ್ನು ದ್ರಾಕ್ಷಿ ತೋಟದ ಅಂಚಿಗೆ ಒಯ್ದು ಕಲ್ಲುಕಂಬಕ್ಕೆ ಅಪ್ಪಳಿಸಿತು. ತೊಡೆಯೆಲುಬು ಮುರಿದಿತ್ತು. ತೋಟದೊಡತಿ ಗೌರವ್ವ ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡು ಸೆರಗಿನಿಂದ ನೆರಳು ಮಾಡಿದ್ದಳು. ನಮ್ಮ ವೈದ್ಯಕೀಯ ಸಹಾಯಕ ಕಾಲಿಗೆ ಪಟ್ಟಿ ಕಟ್ಟುತ್ತ, "ಒಳಗೇ ರಕ್ತ ಸೋರುತ್ತಿದೆ ಮೇಡಂ, ತಡ ಮಾಡುವಂತಿಲ್ಲ" ಎಂದ. ಆಂಬುಲೆನ್ಸ್ ಆಗಲೇ ಅದೇ ಜಿಗಿತದಲ್ಲಿ ಗಾಯಗೊಂಡ ಇನ್ನೊಬ್ಬನನ್ನು ಹೊತ್ತು ವಿಜಯಪುರಕ್ಕೆ ಹೋಗಿತ್ತು.

ಉಳಿದದ್ದು ಆಕಾಶದಿಂದ ಬಂದ ಜೀಪೊಂದೇ.

ತಂಡ ಜೀಪನ್ನು ಬಿಗಿದಿದ್ದ ಪಟ್ಟಿಗಳನ್ನು ಕತ್ತರಿಸಿ, ರಟ್ಟನ್ನು ಕಿತ್ತೆಸೆದು, ಜೀಪು ಕೆಳಗಿಳಿಯಲು ಹಲಗೆ ಜೋಡಿಸಿತು. ಸಿದ್ದಪ್ಪ ಹೇಳಿದ: "ಇಂಜಿನ್ ಚಾಲೂ ಆದೀತ್ರಿ ಮೇಡಂ. ಖರೆ ಬುಡಕ ಪೆಟ್ಟು ಬಿದ್ದಿದ್ರ, ದಾರ್ಯಾಗ ಬ್ರೇಕ್ ಕೈ ಕೊಡ್ತಾವ."

ಇಬ್ಬರೂ ಜೀಪಿನಡಿ ಅಂಗಾತ ಮಲಗಿ ಬ್ರೇಕ್ ಕೊಳವೆ, ಸ್ಟೀರಿಂಗ್, ಆಕ್ಸಲ್ ಎಲ್ಲವನ್ನೂ ಬೆರಳಿನಿಂದ ತಡವಿ ನೋಡಿದೆವು. ಒಂದು ಹನಿ ಎಣ್ಣೆ ಜಿನುಗಿರಲಿಲ್ಲ. ನಾನು ಹೊರಬಂದು, "ಇದರಲ್ಲೇ ಹೋಗೋಣ" ಎಂದೆ.

ಗಾಯಾಳುವನ್ನು ಹೊತ್ತು ತಂದವರ ಜೊತೆಗೇ ಬಂದಿದ್ದ ಗೌರವ್ವ ಬೆಚ್ಚಿದಳು. "ಏನ ಬೇ, ಮ್ಯಾಲಿಂದ ಬಿದ್ದ ಗಾಡ್ಯಾಗ ಹಾಕ್ತೀಯೇನ ಈ ಕೂಸಿನ್ನ?"

"ಬಿದ್ದಿಲ್ಲಬೇ ಯವ್ವಾ, ಇಳದೈತಿ" ಎಂದೆ ನಾನು.

ಅವಳು ನನ್ನ ಮುಖವನ್ನೇ ನೋಡಿದಳು. "ಹಂಗಾರ ನಾನೂ ಬರ್ತೇನಿ. ತಲಿ ಯಾರ ಹಿಡೀತಾರ?" ಎಂದು ಹತ್ತಿ ಕೂತೇಬಿಟ್ಟಳು.

ಸಿದ್ದಪ್ಪ ಕೀಲಿ ತಿರುವಿದ. ಮೊದಲ ಸಲ ಬರೀ ಗೊರಗೊರ. ಎರಡನೆಯ ಸಲ ಇಂಜಿನ್ ಹಿಡಿಯಿತು. ಬದುವಿನ ಮೇಲೆ ಸಾಲಾಗಿ ನಿಂತಿದ್ದ ಜನ ಒಮ್ಮೆಗೇ "ಹೋ!" ಎಂದರು. ಹುಡುಗನ ತಲೆ ಗೌರವ್ವನ ಮಡಿಲಿಗೆ ಬರುವಂತೆ ಹಿಂದೆ ಮಲಗಿಸಿ, ನಾನು ಸಿದ್ದಪ್ಪನ ಪಕ್ಕ ಹತ್ತಿದೆ. ಸ್ವಲ್ಪ ಮೊದಲು ಮೋಡದ ಮಟ್ಟದಲ್ಲಿದ್ದ ಆ ಗಾಲಿಗಳು ವಿಜಯಪುರದ ರಸ್ತೆಯಲ್ಲಿ ಬಸ್ಸು, ಆಟೋಗಳ ನಡುವೆ ಏನೂ ಆಗಿಲ್ಲವೆಂಬಂತೆ ಉರುಳಿದವು.

ಹುಡುಗ ಉಳಿದ. ಕಾಲೂ ಉಳಿಯಿತು. ಶಸ್ತ್ರಚಿಕಿತ್ಸೆ ಮುಗಿಯಿತೆಂದು ಕೇಳಿ ಗೌರವ್ವ ಆಸ್ಪತ್ರೆಯ ಹೊರಗೆ ಬಂದಳು. ಜೀಪಿನ ಸುತ್ತ ಒಂದು ಸುತ್ತು ಹಾಕಿ, ಅದರ ಬಾನೆಟ್ ಸವರಿ, "ಯಪ್ಪಾ, ಇನ್ನೂ ಬೆಚ್ಚಗೈತಿ!" ಎಂದಳು.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದು: ಭಾರವನ್ನು ಮುರಿಯದಂತೆ ನೆಲಕ್ಕೆ ಮುಟ್ಟಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಇಳಿದ ಮೇಲೆ ಅದರಲ್ಲಿ ಒಂದು ಜೀವವನ್ನು ನಂಬಿ ಕೂರಿಸಬಹುದೇ ಎಂದು ಯಾರಾದರೂ ಕೇಳಿದಾಗ ಹೌದೆನ್ನಲು ಸಾಧ್ಯವಾದರೆ, ಆಗ ಕೆಲಸ ಮುಗಿಯಿತು.